ನಿಮ್ಮ ತಪ್ಪಲ್ಲವೆಂಬ ಕಾಗದ

ಸ್ಫ್ಯಾಕ್ಸ್,
7 ಮೇ 2023, ಭಾನುವಾರ

ಪ್ರೀತಿಯ ನಝೀಹಾ ಅತ್ತಿಗೆಗೆ,

ನಿಮ್ಮ ತಮ್ಮನ ಹೆಂಡತಿ ದಲೆಂದಾ ಮಾಡುವ ಸಲಾಮುಗಳು. ಇಲ್ಲಿ ನಾನು ಕ್ಷೇಮ. ಕೆರ್ಕೆನ್ನಾ ದ್ವೀಪದಲ್ಲಿ ನೀವೂ ಕ್ಷೇಮವಾಗಿದ್ದೀರಿ, ಎಡಗಾಲಿನ ಮಂಡಿನೋವು ಸ್ವಲ್ಪ ತಗ್ಗಿದೆ ಎಂದುಕೊಂಡಿದ್ದೇನೆ. ಮಂಡಿಯ ಸುದ್ದಿ ಇವಳಿಗೆ ಯಾರು ಹೇಳಿದರು ಅಂತ ಹುಬ್ಬು ಗಂಟಿಕ್ಕಬೇಡಿ. ಹಡಗುಕಟ್ಟೆಯ ಹತ್ತಿರ ಒಣಗಿಸಿದ ಆಕ್ಟೋಪಸ್ ಮಾರುವ ನಿಮ್ಮೂರಿನ ಸಾಲಿಹಾ ಇದ್ದಾಳಲ್ಲ, ಅವಳ ಹತ್ತಿರ ವರ್ಷಕ್ಕೆ ನಾಲ್ಕು ಸಲವಾದರೂ ಕೊಳ್ಳುತ್ತೇನೆ. ನನಗೆ ಆಕ್ಟೋಪಸ್ ಅಷ್ಟೇನೂ ಇಷ್ಟವಿಲ್ಲ. ಅವಳು ತೂಗಿ ಕಟ್ಟಿಕೊಡುವಷ್ಟು ಹೊತ್ತಿನಲ್ಲಿ ನಾನು ಕೇಳದೆಯೇ ನಿಮ್ಮ ಸಮಾಚಾರವೆಲ್ಲ ಹೇಳಿಬಿಡುತ್ತಾಳೆ.

ಹಬ್ಬ ಮುಗಿದು ಹದಿನೈದು ದಿನವಾಯಿತು. ಶುಭಾಶಯ ಹೇಳುವುದು ತಡವಾಯಿತು, ಕ್ಷಮಿಸಿ. ತಡದ ಮಾತು ಎತ್ತಿದ್ದೇ ತಪ್ಪೇನೋ. ನಾನು ನಿಮಗೆ ಕೊನೆಯ ಸಲ ಕಾಗದ ಬರೆದು ಮೂವತ್ತೊಂದು ವರ್ಷವಾಗಿದೆ. ಅದೂ ನಾಲ್ಕೇ ಸಾಲು, ಅದರಲ್ಲಿ ಏನಿತ್ತು ಎಂದು ನಾನು ಮತ್ತೆ ಹೇಳಬೇಕಾಗಿಲ್ಲ. ನೀವು ಮರೆತಿರಲಾರಿರಿ.

ಆ ನಾಲ್ಕು ಸಾಲನ್ನು ವಾಪಸ್ ತೆಗೆದುಕೊಳ್ಳಲು ಈಗ ಬರೆಯುತ್ತಿದ್ದೇನೆ. ನನ್ನ ಕೂಸು ಅನೀಸ್ ಸತ್ತದ್ದು ನೀವು ಅವನ ಹೊಕ್ಕುಳಿಗೆ ಹಚ್ಚಿದ ಕಾಡಿಗೆಯಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಅರ್ಧಕ್ಕೇ ಕಾಗದ ಮಡಿಚಿ ಒಲೆಗೆ ಹಾಕಿದರೂ ಈ ಒಂದು ಮಾತು ನಿಮಗೆ ತಲುಪಿರಬೇಕು. ಮಿಕ್ಕದ್ದನ್ನು ಓದುವ ಮನಸ್ಸಿದ್ದರೆ ಕೂತು ಓದಿ. ನಾನು ಹೇಗೆ ತಿಳಿದುಕೊಂಡೆ ಎಂದು ಬರೆಯುತ್ತೇನೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಏನು ಮಾಡುತ್ತೇನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಿಜಾನಿಗೂ ಅಷ್ಟೆ. "ನನ್ನ ಹೆಂಡತಿ ರಕ್ತ ನೋಡ್ತಾಳೆ" ಅನ್ನುತ್ತಿದ್ದ, ಕಾಫಿ ಬಟ್ಟಲಿನಲ್ಲಿ ಭವಿಷ್ಯ ನೋಡುವವರ ಹಾಗೆ. ನಾನು ನೋಡುವುದು ಬಿಳಿ ರಕ್ತಕಣವನ್ನು, ಅದರಲ್ಲೂ ಮೈಗೆ ಸೋಂಕು ತಗುಲಿದಾಗ ಮೊದಲು ಓಡಿಬರುವ ಒಂದು ಜಾತಿಯನ್ನು. ಕೆಂಪು ಕಣದಲ್ಲಿ ರಕ್ತದ ಗುಂಪು ಇರುತ್ತದಲ್ಲ, ಹಾಗೆ ಈ ಬಿಳಿ ಕಣದ ಮೈಮೇಲೂ ಗುರುತುಗಳಿವೆ. ನಮ್ಮ ಲ್ಯಾಬಿನಲ್ಲಿ ಮುಖ್ಯವಾಗಿ ನೋಡುವುದು ಎರಡನ್ನು. ಒಂದನ್ನು ಎ ಅನ್ನುತ್ತೇವೆ, ಇನ್ನೊಂದನ್ನು ಬಿ. ರಕ್ತದ ಗುಂಪಿನ ಎ, ಬಿ ಬೇರೆ, ಇದು ಬೇರೆ. ಕೆಲವರಿಗೆ ಎ ಮಾತ್ರ, ಕೆಲವರಿಗೆ ಬಿ ಮಾತ್ರ, ಕೆಲವರಿಗೆ ಎರಡೂ. ತಾಯಿಯಿಂದ ಒಂದು, ತಂದೆಯಿಂದ ಒಂದು.

ಕೆಲವು ಎಳೆ ಮಕ್ಕಳಲ್ಲಿ ಏನಾಗುತ್ತದೆಂದರೆ, ಅವರ ಮೈಯೇ ತನ್ನ ಬಿಳಿ ಕಣದ ಗುರುತನ್ನು ಪರಕೀಯವೆಂದು ತಿಳಿದು ಪ್ರತಿಕಾಯ ಮಾಡಿ ಅವನ್ನು ನಾಶ ಮಾಡುತ್ತದೆ. ಮಗುವಿಗೆ ಮತ್ತೆ ಮತ್ತೆ ಕುರು, ಕಿವಿಸೋರು, ಜ್ವರ. ಅದನ್ನು ಪತ್ತೆ ಹಚ್ಚುವುದು ನನ್ನ ಕೆಲಸ. ಮಗುವಿನ ರಕ್ತದ ಮೇಲೆ ತಿಳಿಯಾಗಿ ನಿಲ್ಲುವ ಹಳದಿ ನೀರು, ಅಂದರೆ ಸೀರಮ್, ಅದನ್ನು ಗುರುತು ಗೊತ್ತಿರುವವರ ಬಿಳಿ ಕಣಗಳ ಜೊತೆ ಬೆರೆಸಿ ಕೆಲವು ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಣಗಳು ಸಣ್ಣ ರವೆಯ ಹಾಗೆ ಬಿಡಿಬಿಡಿಯಾಗಿದ್ದರೆ ಏನೂ ಇಲ್ಲ. ಗಂಟು ಕಟ್ಟಿಕೊಂಡಿದ್ದರೆ ಪ್ರತಿಕಾಯ ಇದೆ.

ತೊಂದರೆ ಏನೆಂದರೆ ಈ ಬಿಳಿ ಕಣ ಬೆಳಿಗ್ಗೆ ತೆಗೆದರೆ ಸಂಜೆಗೆ ಹಾಳು. ಇಟ್ಟುಕೊಳ್ಳುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಕೆಲಸ ಮಾಡುವವರೇ ತೋಳು ಚಾಚಬೇಕು. ನಾನು ಬಿ ಮಾತ್ರ ಇರುವವಳು. ಇಪ್ಪತ್ತೇಳು ವರ್ಷದಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡುತ್ತೇನೆ. "ದಲೆಂದಾದು ಎಲ್ಲಿ? ದಲೆಂದಾದು ತಿರುಗಿಸಿ ಆಯ್ತಾ?" ಅಂತ ನನ್ನೆದುರಿಗೇ ಕೂಗಾಡುತ್ತಾರೆ, ನಾನೇನೋ ಪಕ್ಕದ ಬೀದಿಯಲ್ಲಿ ಇರುವ ಹಾಗೆ. ಎ ಮಾತ್ರ ಇರುವವಳು ಈಗ ರಿಹಾಬ್ ಅಂತ ಹೊಸ ಹುಡುಗಿ, ಇಪ್ಪತ್ತಾರು ವರ್ಷ, ಸೂಜಿ ಕಂಡರೆ ಕಣ್ಣು ಮುಚ್ಚುತ್ತಾಳೆ, ಲ್ಯಾಬಿನವಳಾಗಿ.

ಇನ್ನೊಂದು ವಿಷಯ ತಿಳಿದುಕೊಳ್ಳಿ, ಎಲ್ಲ ಅದರ ಮೇಲೇ ನಿಂತಿದೆ. ನಮ್ಮ ರಕ್ತದಿಂದ ಕಣ ಮಾತ್ರ ತೆಗೆದುಕೊಳ್ಳುತ್ತೇವೆ. ಮೇಲೆ ನಿಂತ ಸೀರಮ್ ಬೇಕಾಗುವುದಿಲ್ಲ. ಬ್ಲೀಚಿಂಗ್ ಪುಡಿ ಹಾಕಿದ ಬಕೆಟ್ಟಿಗೆ ಸುರಿದುಬಿಡುತ್ತೇವೆ. ನನ್ನದನ್ನು ಇಪ್ಪತ್ತೇಳು ವರ್ಷ ನಾನೇ ಕೈಯಾರೆ ಸುರಿದಿದ್ದೇನೆ.

ಪರೀಕ್ಷೆ ಸರಿಯಾಗಿ ಆಗಿದೆ ಎಂದು ಗೊತ್ತಾಗಲು ಪ್ರತಿ ತಟ್ಟೆಯಲ್ಲೂ ಯಾವ ಪ್ರತಿಕಾಯವೂ ಇಲ್ಲದ ಶುದ್ಧ ಸೀರಮ್ ಒಂದನ್ನು ಇಡಬೇಕು. ಅದು ಗಂಟು ಕಟ್ಟಬಾರದು. ಕಟ್ಟಿದರೆ ಆ ದಿನದ ತಟ್ಟೆ ಪೂರ್ತಿ ದಂಡ. ಆ ಶುದ್ಧ ಸೀರಮ್ ಗಂಡಸಿನದ್ದೇ ಆಗಬೇಕು, ಅವನು ಯಾವತ್ತೂ ಬೇರೆಯವರ ರಕ್ತ ಹಾಕಿಸಿಕೊಂಡಿರಬಾರದು. ಹೆತ್ತ ಹೆಂಗಸಿನದ್ದು ಮುಟ್ಟಲೇಬಾರದು. ಬಸುರಿನಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಒಂದಿಷ್ಟು ಸೇರುತ್ತದೆ, ತಂದೆಯ ಗುರುತು ಕಂಡು ತಾಯಿಯ ಮೈ ಪ್ರತಿಕಾಯ ಮಾಡಿಟ್ಟುಕೊಂಡಿರಬಹುದು. ನಮ್ಮ ಲ್ಯಾಬಿನಲ್ಲಿ ಆ ಶುದ್ಧ ಗಂಡಸು ಅಂದರೆ ಡ್ರೈವರ್ ಸೀ ಬಶೀರ್. ಜೀವನದಲ್ಲಿ ಒಂದು ಸಲವೂ ಆಸ್ಪತ್ರೆಯಲ್ಲಿ ಮಲಗಿದವರಲ್ಲ, ಅದನ್ನು ದಿನಕ್ಕೆ ಎರಡು ಸಲ ಹೇಳಿಕೊಳ್ಳುತ್ತಾರೆ.

ಏಪ್ರಿಲ್ ನಾಲ್ಕನೇ ತಾರೀಖು, ಮಂಗಳವಾರ. ರಂಜಾನಿನ ಎರಡನೇ ವಾರ. ಮಹ್ರೆಸ್ ಕಡೆಯಿಂದ ಇಯಾದ್ ಎಂಬ ಹತ್ತು ತಿಂಗಳ ಗಂಡುಮಗುವಿನ ರಕ್ತ ಬಂದಿತ್ತು. ಸೀ ಬಶೀರ್ ಅವರ ಸೀರಮ್ ಹಿಂದಿನ ವಾರ ಮುಗಿದಿತ್ತು. ರಿಹಾಬ್ ಸೂಜಿ ಹಿಡಿದುಕೊಂಡು ಅವರ ಹಿಂದೆ ಹೋದಳು.

"ಸೂರ್ಯ ಮುಳುಗಲಿ ಮಗಳೇ, ಒಂದು ಬಕೆಟ್ ತಗೋ. ಉಪವಾಸದಲ್ಲಿ ಮಾತ್ರ ನನ್ನ ಮುಟ್ಟಬೇಡ."

"ಒಂದೇ ನಳಿಕೆ ಸೀ ಬಶೀರ್. ಅದರಿಂದ ಉಪವಾಸ ಮುರಿಯಲ್ಲ ಅಂತ ಟೀವಿಯಲ್ಲೇ ಹೇಳಿದ್ರು."

"ಟೀವಿಯವರ ತೋಳಿಂದ ತಗೋ ಹೋಗು."

ಅವಳು ಗೊಣಗುತ್ತಾ ವಾಪಸ್ ಬಂದಳು. ನಾನು ಆಗಲೇ ರಕ್ತ ಕೊಟ್ಟಾಗಿತ್ತು. ನನ್ನ ಉಪವಾಸದ ಲೆಕ್ಕ ಮೇಲಿನವನು ನೋಡಿಕೊಳ್ಳಲಿ. ತಟ್ಟೆ ಸಿದ್ಧ ಮಾಡಲು ಅವಳಿಗೆ ಬಿಟ್ಟು ನಾನು ಬೇರೆ ಕೆಲಸಕ್ಕೆ ಹೋದೆ.

ಮಧ್ಯಾಹ್ನ ಎರಡೂವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ಮಗುವಿನ ಸೀರಮ್ ರಿಹಾಬಳ ಕಣದ ಜೊತೆ ಗಂಟು ಕಟ್ಟಿತ್ತು, ನನ್ನ ಕಣದ ಜೊತೆ ಇಲ್ಲ. ಅಂದರೆ ಎ ಗುರುತಿನ ಮೇಲೆ ಪ್ರತಿಕಾಯ, ಈ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದೇ ಅದು. ಆಮೇಲೆ ಶುದ್ಧ ಸೀರಮ್ಮಿನ ಸಾಲಿಗೆ ಬಂದೆ. ಅದೂ ಗಂಟು ಕಟ್ಟಿತ್ತು. ಅದೂ ರಿಹಾಬಳ ಕಣದ ಜೊತೆ ಮಾತ್ರ. ಮಗುವಿನದ್ದಕ್ಕಿಂತ ಗಟ್ಟಿಯಾಗಿ.

"ಸೀ ಬಶೀರ್‌ಗೆ ಏನಾಯ್ತೇ?" ಅಂದೆ.

"ಅವರದ್ದಲ್ಲ ಲೆಲ್ಲಾ ದಲೆಂದಾ. ಅವರು ಕೊಡಲೇ ಇಲ್ಲ."

"ಮತ್ತೆ ಯಾರದ್ದು ಹಾಕಿದೆ?"

"ನಿಮ್ಮದು. ಹೆಂಗೂ ಸುರೀತೀವಲ್ಲ ಅಂತ."

"ಹೆಂಗಸರದ್ದು ಹಾಕಬಾರದು ಅಂತ ನಿನಗೆ ಮೊದಲ ದಿನವೇ ಹೇಳಿಕೊಟ್ಟಿದೀನಿ."

"ಹೆತ್ತವರದ್ದು ಹಾಕಬಾರದು ಅಂದಿದ್ರಿ ಲೆಲ್ಲಾ. ನಿಮಗೆ ಮಕ್ಕಳಿಲ್ಲವಲ್ಲ, ಅದಕ್ಕೇ."

ಅವಳ ಮುಖ ನೋಡಿದೆ. ಅದರಲ್ಲಿ ಕೊಂಕು ಇರಲಿಲ್ಲ. ಅವಳು ಹುಟ್ಟುವ ಮುಂಚೆ ಹತ್ತೊಂಬತ್ತು ದಿನ ಬದುಕಿದ್ದವನ ಸುದ್ದಿ ಅವಳಿಗೆ ಯಾರು ಹೇಳಬೇಕು? ಲ್ಯಾಬಿನಲ್ಲಿ ಯಾರಿಗೂ ನಾನು ಹೇಳಿಲ್ಲ. ಮಕ್ಕಳೆಷ್ಟು ಅಂತ ಕೇಳಿದವರಿಗೆ ಇಲ್ಲ ಅಂದಿದ್ದೇನೆ, ಅಷ್ಟೆ. ಇಲ್ಲ ಅನ್ನುವುದು ಸುಳ್ಳೂ ಅಲ್ಲ.

ತಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ಮುಂದಿನ ಮಂಗಳವಾರ ಮತ್ತೆ ಮಾಡೋಣ, ಮಗುವಿನ ಮನೆಯವರಿಗೆ ಫೋನ್ ಮಾಡು ಅಂದೆ. ಮನೆಗೆ ಬಂದೆ. ಸೂಪು ಮಾಡಿದೆ, ಉಪವಾಸ ಬಿಡುವ ಫಿರಂಗಿ ಸದ್ದಾದ ಮೇಲೆ ಖರ್ಜೂರ ಬಾಯಿಗೆ ಹಾಕಿಕೊಂಡೆ, ಸೂಪು ಕುಡಿದೆ. ಅದಕ್ಕೆ ಉಪ್ಪು ಹಾಕಿದ್ದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ನನಗೆ ಅಳು ಬರಲಿಲ್ಲ ಅತ್ತಿಗೆ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಜೋಮು ಹಿಡಿದಿರುತ್ತದಲ್ಲ, ಎದೆಯ ಒಳಗೆ ಹಾಗಿತ್ತು. ಈಗಲೂ ಹಾಗೇ ಇದೆ. ಆ ಜೋಮಿನಲ್ಲೇ ಬರೆಯುತ್ತಿದ್ದೇನೆ, ಮಾತು ಒಣಗಿದ ಹಾಗೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಸಲ ನೋಡಿದ್ದನ್ನು ನಂಬುವ ಕೆಲಸ ನನ್ನದಲ್ಲ. ಹನ್ನೊಂದನೇ ತಾರೀಖು, ಹದಿನೆಂಟನೇ ತಾರೀಖು, ಹಬ್ಬವಾದ ಮೇಲೆ ಮೇ ಎರಡಕ್ಕೆ, ಮೂರು ಸಲ ನನ್ನ ಸೀರಮ್ಮನ್ನು ಬೇರೆ ಬೇರೆಯವರ ಕಣದ ಮೇಲೆ ಹಾಕಿದೆ. ಎ ಇರುವವರದ್ದೆಲ್ಲ ಗಂಟು ಕಟ್ಟಿತು. ಬಿ ಮಾತ್ರ ಇರುವವರದ್ದು ಒಂದೂ ಇಲ್ಲ. ಕೊನೆಗೆ ನಮ್ಮ ಡಾಕ್ಟರಮ್ಮನಿಗೆ ತೋರಿಸಿದೆ.

"ಯಾರದ್ದು ಇದು?" ಅಂದರು.

"ನನ್ನದೇ."

"ಯಾವತ್ತಾದರೂ ರಕ್ತ ಹಾಕಿಸಿಕೊಂಡಿದ್ರಾ?"

"ಇಲ್ಲ."

"ಬಸುರು?"

"ಒಂದು ಸಲ. ತೊಂಬತ್ತೆರಡರಲ್ಲಿ. ಹೊಕ್ಕುಳು ಕೀವಾಗಿ ಹತ್ತೊಂಬತ್ತನೇ ದಿನ ಹೋದ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರು ಹೇಳಬೇಕಾದ್ದು ನನಗೆ ಗೊತ್ತೇ ಇತ್ತು, ಅದನ್ನು ಬೇರೆ ತಾಯಂದಿರಿಗೆ ಎಷ್ಟೋ ಸಲ ನಾನೇ ಹೇಳಿದ್ದೇನೆ.

ನಿಮಗೂ ಹೇಳುತ್ತೇನೆ. ನನ್ನಲ್ಲಿ ಎ ಇಲ್ಲ. ಅನೀಸ್‌ಗೆ ಅದು ತಿಜಾನಿಯಿಂದ ಬಂದಿತ್ತು. ಅವನು ಹೊಟ್ಟೆಯಲ್ಲಿರುವಾಗಲೇ ನನ್ನ ರಕ್ತ ಆ ಗುರುತನ್ನು ಕಂಡು ಅದರ ಮೇಲೆ ಪ್ರತಿಕಾಯ ಮಾಡಿತು. ಅದು ಹೊಕ್ಕುಳ ಬಳ್ಳಿಯ ಮೂಲಕ ಅವನೊಳಗೆ ಹೋಯಿತು. ಹುಟ್ಟುವಾಗಲೇ ಅವನಿಗೆ ಬಿಳಿ ಕಣ ಇರಲಿಲ್ಲ, ಇದ್ದರೂ ಬೆರಳಲ್ಲಿ ಎಣಿಸುವಷ್ಟು. ಇಂಥ ಮಕ್ಕಳಲ್ಲಿ ಮೊದಲು ಕೆಡುವುದು ಹೊಕ್ಕುಳೇ. ಕಾಡಿಗೆ ಹಚ್ಚಿದರೂ ಕೆಡುತ್ತದೆ, ಹಚ್ಚದಿದ್ದರೂ ಕೆಡುತ್ತದೆ. ನೀವು ದ್ವೀಪದಲ್ಲಿ ಎಷ್ಟು ಕೂಸುಗಳ ಹೊಕ್ಕುಳಿಗೆ ಅದೇ ಡಬ್ಬಿಯಿಂದ ಹಚ್ಚಿಲ್ಲ? ಅವರೆಲ್ಲ ಈಗ ಮೀಸೆ ಬಿಟ್ಟುಕೊಂಡು ದೋಣಿ ನಡೆಸುತ್ತಿದ್ದಾರೆ.

ಆಗ ನಾನು ಸಾಮಾನ್ಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅನೀಸ್‌ನ ರಕ್ತವನ್ನು ಗಾಜಿನ ಮೇಲೆ ಹರಡಿದ್ದನ್ನು ನಾನೂ ನೋಡಿದೆ. ನೂರು ಕಣ ಎಣಿಸಿದರೆ ನಮಗೆ ಬೇಕಾದ ಜಾತಿ ಒಂದೂ ಸಿಗಲಿಲ್ಲ. ಸೋಂಕು ಎಲ್ಲವನ್ನೂ ತಿಂದುಹಾಕಿದೆ ಎಂದು ಡಾಕ್ಟರು ಹೇಳಿದರು, ನಾನೂ ಹಾಗೇ ಅಂದುಕೊಂಡೆ. ಮೊದಲಿನಿಂದಲೇ ಇರಲಿಲ್ಲವೇನೋ ಎಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ನಾಲ್ಕು ವರ್ಷಕ್ಕೆ ಇದೇ ಪರೀಕ್ಷೆ ಕಲಿತೆ, ಬೇರೆಯವರ ಮಕ್ಕಳಿಗೆ ಮಾಡತೊಡಗಿದೆ. ಆಗಲೂ ನನ್ನ ಮೇಲೆ ನಾನು ಮಾಡಿಕೊಳ್ಳಲಿಲ್ಲ. ಯಾಕೆ ಮಾಡಿಕೊಳ್ಳಬೇಕು? ಮಗು ಹೇಗೆ ಸತ್ತಿತೆಂದು ನನಗೆ ಗೊತ್ತಿತ್ತಲ್ಲ. ಗೊತ್ತಿದ್ದದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ.

ಕೈ ನೋಯುತ್ತಿದೆ. ಮಿಕ್ಕದ್ದು ನಾಳೆ.

ಸೋಮವಾರ, 8 ಮೇ

ನಿನ್ನೆ ಬರೆದದ್ದನ್ನು ಓದಿದೆ. ಲ್ಯಾಬಿನ ವರದಿ ಬರೆದ ಹಾಗಿದೆ. ಇರಲಿ, ನನಗೆ ಬರುವುದೇ ಅದು.

ಈ ಕಾಗದ ಬರೆಯುವ ಯೋಚನೆ ನನ್ನದಲ್ಲ, ಇಯಾದ್‌ನ ತಾಯಿಯದ್ದು. ಸೀ ಬಶೀರ್ ಕೊಟ್ಟ ಮಾತಿನಂತೆ ಉಪವಾಸ ಬಿಟ್ಟ ಮೇಲೆ ಬಂದು ತೋಳು ಚಾಚಿದರು, ಹನ್ನೊಂದರಂದು ಮಗುವಿನ ಪರೀಕ್ಷೆ ಸರಿಯಾಗಿ ಆಯಿತು. ಮಾರನೇ ದಿನ ತಾಯಿ, ಅತ್ತೆ ಇಬ್ಬರೂ ಬಂದರು. ತಾಯಿ ಹನೇನ್, ಇಪ್ಪತ್ತೆರಡು ವರ್ಷವೂ ಇರಲಿಕ್ಕಿಲ್ಲ. ಮಗು ದುಂಡಗಿತ್ತು, ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಕುರುವಿನ ಕಲೆ. ಅತ್ತೆ ಬಿಳಿ ಸಫ್ಸಾರಿ ಹೊದ್ದು ಬಾಗಿಲಲ್ಲೇ ಶುರುಮಾಡಿದಳು.

"ನಾನು ಆರು ಹೆತ್ತೆ, ಒಂದಕ್ಕೂ ಒಂದು ಕುರು ಏಳಲಿಲ್ಲ. ಇವಳಿಗೆ ಫೋನ್ ಒರೆಸೋಕೆ ಟೈಮ್ ಇದೆ, ಮಗು ಒರೆಸೋಕಿಲ್ಲ."

"ಇದು ಕೊಳೆಯಿಂದ ಬಂದದ್ದಲ್ಲ ಹಾಜ್ಜಾ," ಅಂದೆ. "ಮಗುವಿನ ಮೈಯೇ ತನ್ನ ಬಿಳಿ ಕಣದ ಮೇಲೆ ಮುನಿಸಿಕೊಂಡಿದೆ. ಎರಡು ಮೂರು ವರ್ಷ ತುಂಬೋ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ತಾನಾಗೇ ಹೋಗುತ್ತೆ. ಜ್ವರ ಬಂದ ದಿನ ಮಾತ್ರ ತಡ ಮಾಡದೆ ಕರಕೊಂಡು ಬನ್ನಿ."

"ಮೈ ಮುನಿಸಿಕೊಳ್ಳೋದು ಅಂದ್ರೇನು? ಅದೇನು ಸೊಸೇನಾ?"

ಹನೇನ್ ನಗಲಿಲ್ಲ. ಅತ್ತೆ ಔಷಧಿ ಅಂಗಡಿಗೆ ಹೋದ ಮೇಲೆ ಅವಳೊಬ್ಬಳೇ ವಾಪಸ್ ಬಂದಳು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಲೆಲ್ಲಾ, ನನ್ನ ತಪ್ಪಲ್ಲ ಅಂದ್ರಲ್ಲ. ಅದನ್ನ ಒಂದು ಕಾಗದದ ಮೇಲೆ ಬರೆದು ಕೊಡ್ತೀರಾ?"

"ವರದಿಯಲ್ಲಿ ಎಲ್ಲಾ ಇದೆ ಮಗಳೇ."

"ವರದಿ ಫ್ರೆಂಚಿನಲ್ಲಿದೆ. ಅವರಿಗೆ ಓದೋಕೆ ಬರಲ್ಲ. ನನ್ನ ತಪ್ಪಲ್ಲ ಅಂತ ನಮ್ಮ ಭಾಷೇಲಿ ಬರೀರಿ. ಮೊಹರು ಒತ್ತಿ. ಮೊಹರು ಇದ್ರೆ ಅವರು ನಂಬ್ತಾರೆ."

ಹಾಗೆಲ್ಲ ಬರೆದುಕೊಡುವ ಅಧಿಕಾರ ನನಗಿಲ್ಲ. ಬರೆದುಕೊಟ್ಟೆ. "ಇಯಾದ್‌ನ ಕಾಯಿಲೆಗೆ ಅವನ ತಾಯಿ ಹನೇನ್ ಕಾರಣಳಲ್ಲ, ಅವಳು ಮಗುವನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ." ಲ್ಯಾಬಿನ ದುಂಡನೆ ಮೊಹರು ಒತ್ತಿದೆ. ಅವಳು ಅದನ್ನು ಎರಡು ಸಲ ಓದಿ, ಮಡಿಚಿ, ಮಗುವಿನ ಲಸಿಕೆ ಪುಸ್ತಕದೊಳಗೆ ಇಟ್ಟುಕೊಂಡಳು. ಅವಳ ಹೆಗಲು ಎರಡು ಅಂಗುಲ ಕೆಳಗಿಳಿದದ್ದು ನನಗೆ ಕಂಡಿತು.

ಅವಳು ಹೋದ ಮೇಲೆ ನೀವು ನೆನಪಾದಿರಿ. ನಿಮಗೆ ಅಂಥ ಕಾಗದ ಕೊಡುವವರು ಯಾರೂ ಇರಲಿಲ್ಲ.

ಆ ಜುಲೈ ತಿಂಗಳನ್ನು ನಾನು ಯಾವತ್ತೂ ಪೂರ್ತಿ ನೆನಪು ಮಾಡಿಕೊಂಡಿಲ್ಲ. ಕೊನೆಯ ವಾರ ಮಾತ್ರ ನೆನಪು ಮಾಡಿಕೊಳ್ಳುತ್ತಿದ್ದೆ. ಈಗ ಮೊದಲಿನದ್ದೂ ಬರುತ್ತಿದೆ. ನನಗೆ ಅಮ್ಮ ಇರಲಿಲ್ಲ, ಬಾಣಂತನಕ್ಕೆ ನೀವೇ ದ್ವೀಪಕ್ಕೆ ಕರೆಸಿಕೊಂಡಿರಿ. ಹಡಗಿನಲ್ಲಿ ನನ್ನನ್ನು ನೆರಳಲ್ಲಿ ಕೂರಿಸಿ ನೀವು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಿರಿ. ಎಳ್ಳು, ಜೇನು, ಬೆಣ್ಣೆ ಕಲಸಿದ ಝ್ರೀರನ್ನು ಬಟ್ಟಲುಗಟ್ಟಲೆ ತಿನ್ನಿಸಿದಿರಿ. ನಾನು ಸಾಕು ಅಂದರೆ, "ನೀನು ತಿನ್ನುತ್ತಿರೋದು ನಿನಗಲ್ಲ ಕಣೇ, ನಮ್ಮ ಮನೆ ಗಂಡಿಗೆ, ಬಾಯಿ ತೆಗಿ" ಅನ್ನುತ್ತಿದ್ದಿರಿ. ಇಡೀ ಓಣಿ ನಿಮ್ಮ ಕೈಗುಣವನ್ನು ಹೊಗಳುತ್ತಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ನಝೀಹಾ ಬಂದು ಮಗು ಮುಟ್ಟಬೇಕು, ಮೊದಲ ಸ್ನಾನ ಮಾಡಿಸಬೇಕು, ಹೊಕ್ಕುಳಿಗೆ ಎಣ್ಣೆ ಕಾಡಿಗೆ ಹಚ್ಚಬೇಕು. ಏಳನೇ ದಿನ ಹೆಸರಿಟ್ಟೆವು. ಎಂಟನೇ ದಿನ ಮಧ್ಯಾಹ್ನ, ನಾನು ಮಲಗಿದ್ದಾಗ, ನೀವು ಅನೀಸ್‌ಗೂ ಹಚ್ಚಿದಿರಿ. ಹನ್ನೆರಡನೇ ದಿನ ಹೊಕ್ಕುಳ ಸುತ್ತ ಕೆಂಪಾಯಿತು, ಮೈ ಸುಡತೊಡಗಿತು. ಹಡಗು ಹತ್ತಿ ಸ್ಫ್ಯಾಕ್ಸಿಗೆ ಓಡಿದೆವು.

ಆಸ್ಪತ್ರೆಯಲ್ಲಿ ಡಾಕ್ಟರು, ಹೊಕ್ಕುಳಿಗೆ ಏನು ಹಚ್ಚಿದ್ದೀರಿ ಎಂದು ಕೇಳಿದರು. ಕಾಡಿಗೆ ಅಂದೆ. ಯಾರು ಅಂದರು. "ನನ್ನ ಗಂಡನ ಅಕ್ಕ, ನಾನು ಮಲಗಿದ್ದಾಗ" ಅಂದೆ. ನೀವು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಿರಿ, ಅವನ ಬಟ್ಟೆಯ ಗಂಟು ಹಿಡಿದುಕೊಂಡು. ಏನೂ ಹೇಳಲಿಲ್ಲ. ಹತ್ತೊಂಬತ್ತನೇ ದಿನ ನಾನು ನಿಮ್ಮನ್ನು ಏನೆಂದು ಕರೆದೆನೋ ಅದು ದ್ವೀಪದ ಓಣಿಯವರೆಗೂ ಮುಟ್ಟಿತು. ಅವನನ್ನು ಮಣ್ಣು ಮಾಡಿದ್ದು ಎಲ್ಲಿ ಎಂದು ಕೂಡ ನಿಮಗೆ ಹೇಳಬಾರದೆಂದು ತಿಜಾನಿಯಿಂದ ಮಾತು ತೆಗೆದುಕೊಂಡೆ. ಆಮೇಲೆ ಆ ನಾಲ್ಕು ಸಾಲಿನ ಕಾಗದ.

ತಿಜಾನಿ ಅಕ್ಕನನ್ನು ಬಿಡುವವನಲ್ಲ, ನನಗೋಸ್ಕರ ಬಿಟ್ಟ. ನಿಮ್ಮ ಕೈಯಲ್ಲೇ ಬೆಳೆದವನು. ಹಬ್ಬದ ದಿನ ಉಪ್ಪುಮೀನಿನ ಜೊತೆ ನಾನು ಮಾಡಿದ ಒಣದ್ರಾಕ್ಷಿ ಗೊಜ್ಜು ತಿನ್ನುತ್ತಾ ಪ್ರತಿ ವರ್ಷ "ಚೆನ್ನಾಗಿದೆ" ಅನ್ನುತ್ತಿದ್ದ. ನಿಮ್ಮ ಹಾಗೆ ಆಗಿಲ್ಲ ಎಂದು ಅವನ ಮುಖದಲ್ಲೇ ಬರೆದಿರುತ್ತಿತ್ತು. ನಾಲ್ಕು ವರ್ಷದ ಹಿಂದೆ ಅವನು ಹೋದಾಗ ನೀವು ಬಂದಿರಿ. ನಾನು ಕೈ ಕೊಟ್ಟೆ, ಕೆನ್ನೆ ಕೊಡಲಿಲ್ಲ. ಆಗ ನಿಮ್ಮ ಕಣ್ಣು ನೋಡಿದೆ. ಖಾಲಿ ಇತ್ತು. ಅನೀಸ್ ಹೋದಂದಿನಿಂದ ನೀವು ಕಣ್ಣಿಗೆ ಕಾಡಿಗೆ ಹಚ್ಚಿಲ್ಲ, ಡಬ್ಬಿಯನ್ನು ಆ ಬೇಸಿಗೆಯಲ್ಲೇ ಸಮುದ್ರಕ್ಕೆ ಎಸೆದಿರಿ, ಅವತ್ತಿನಿಂದ ದ್ವೀಪದಲ್ಲಿ ಯಾರೂ ನಿಮ್ಮನ್ನು ಹೆರಿಗೆ ಮನೆಗೆ ಕರೆದಿಲ್ಲ ಎಂದು ಸಾಲಿಹಾ ಹೇಳಿದಳು. ನಾನು ಆಕ್ಟೋಪಸ್‌ಗೆ ದುಡ್ಡು ಕೊಟ್ಟು ಮನೆಗೆ ಬಂದೆ.

ಈ ಕಾಗದದ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ನನ್ನ ಹೆಸರಿನಲ್ಲಿ ಬಂದ ವರದಿಯ ಸಾರ, ನಮ್ಮ ಭಾಷೆಯಲ್ಲೇ ಬರೆದಿದ್ದೇನೆ, ಕೆಳಗೆ ಡಾಕ್ಟರಮ್ಮನ ರುಜು, ಮೊಹರು. ತಾಯಿಯ ರಕ್ತದಲ್ಲಿದ್ದ ಪ್ರತಿಕಾಯದಿಂದ ಮಗುವಿಗೆ ಬಿಳಿ ಕಣ ಉಳಿದಿರಲಿಲ್ಲ, ಅದರಿಂದಲೇ ಸೋಂಕು ಹರಡಿ ತೀರಿಕೊಂಡಿರಬೇಕು, ಇದಕ್ಕೆ ಮಗುವಿನ ಸೋದರತ್ತೆ ನಝೀಹಾ ಕಾರಣಳಲ್ಲ ಎಂದು ಅದರಲ್ಲಿದೆ. ನೂರಕ್ಕೆ ನೂರು ಎಂದು ಬರೆಯಲು ಡಾಕ್ಟರಮ್ಮ ಒಪ್ಪಲಿಲ್ಲ, ಮಗುವಿನ ರಕ್ತ ಈಗ ಇಲ್ಲವಲ್ಲ. ಆದರೆ ಇನ್ನಾರ ರಕ್ತವೂ ಸೇರದ ನನ್ನ ಮೈಗೆ ಈ ಪ್ರತಿಕಾಯ ಅನೀಸ್‌ನಿಂದಲ್ಲದೆ ಬೇರೆಲ್ಲಿಂದಲೂ ಬಂದಿರಲು ಸಾಧ್ಯವಿಲ್ಲ ಎಂದು ಅವರೇ ಹೇಳಿದರು. ಅದನ್ನು ಓಣಿಯವರಿಗೆ ತೋರಿಸಿ. ಮಸೀದಿಯ ಬಾಗಿಲಿಗೆ ಬೇಕಾದರೂ ಅಂಟಿಸಿ. ಸಾಲಿಹಾಳಿಗೆ ತೋರಿಸಿದರೆ ಸಾಕು, ಮಿಕ್ಕದ್ದನ್ನು ಅವಳು ನೋಡಿಕೊಳ್ಳುತ್ತಾಳೆ.

ಒಂದು ಮಾತು. ಅವನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಬಟ್ಟೆ ಎಲ್ಲ ಕೊಟ್ಟುಬಿಟ್ಟೆ. ಅವನದ್ದು ಅಂತ ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಇದೊಂದು ನನ್ನ ರಕ್ತದಲ್ಲಿ ಉಳಿದಿತ್ತು. ಅವನನ್ನು ಕೊಂದದ್ದೂ ಅದೇ, ಅವನು ಬಿಟ್ಟುಹೋದದ್ದೂ ಅದೇ. ವಾರವಾರವೂ ಬಕೆಟ್ಟಿಗೆ ಸುರಿದಿದ್ದೇನೆ. ಇದನ್ನು ಬರೆಯುವಾಗಲಾದರೂ ಅಳು ಬರಬಹುದೇನೋ ಅಂದುಕೊಂಡಿದ್ದೆ, ಬರಲಿಲ್ಲ.

ಮುಂದಿನ ಶುಕ್ರವಾರ ಬೆಳಗಿನ ಹಡಗಿಗೆ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಮಧ್ಯಾಹ್ನದ ಹಡಗಿಗೆ ವಾಪಸ್ ಹೋಗುತ್ತೇನೆ, ಬೇಸರ ಮಾಡಿಕೊಳ್ಳುವುದಿಲ್ಲ. ತೆಗೆದರೆ, ನಿಮ್ಮ ಮಂಡಿ ಒಪ್ಪಿದ ದಿನ ನನ್ನ ಜೊತೆ ಸ್ಫ್ಯಾಕ್ಸಿಗೆ ಬನ್ನಿ. ಅವನ ಗೋರಿ ಇರುವ ಜಾಗ ತೋರಿಸುತ್ತೇನೆ. ಗೋಡೆಯ ಪಕ್ಕ ಒಂದು ಬಾದಾಮಿ ಗಿಡ ಇದೆ, ಅದರಿಂದ ನಾಲ್ಕು ಹೆಜ್ಜೆ.

ದೇವರು ನಿಮಗೆ ಆರೋಗ್ಯ ಕೊಡಲಿ, ನಿಮ್ಮ ಬಾವಿ ಸಿಹಿಯಾಗಿರಲಿ, ನಿಮ್ಮ ಕೈಗೆ ಮತ್ತೆ ಕೂಸುಗಳು ಬರಲಿ. ತಿಜಾನಿ ಎಲ್ಲಿದ್ದರೂ ನಿಮ್ಮನ್ನು ಅಕ್ಕಾ ಅಂತ ಕರೆಯುತ್ತಿರಲಿ.

ನಿಮ್ಮ ತಮ್ಮನ ಹೆಂಡತಿ,
ದಲೆಂದಾ

ಮರೆತಿದ್ದು: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಮೇಲೆ ಎರಡು ಕಡೆ "ನಾನು ಮಲಗಿದ್ದಾಗ" ಎಂದು ಬರೆದಿದ್ದೇನೆ. ಮೂವತ್ತೊಂದು ವರ್ಷ ಹೇಳಿ ಹೇಳಿ ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕಿಲ್ಲ, ನೀವು ನೋಡಲಿ ಅಂತ ಹಾಗೇ ಬಿಟ್ಟಿದ್ದೇನೆ. ಮೊಹರು ಒತ್ತಿದ ಕಾಗದದಲ್ಲಿ ರಕ್ತದ ವಿಷಯ ಇದೆ, ಈ ವಿಷಯ ಇಲ್ಲ. ರಕ್ತ ಮಾಡಿದ್ದು ನನ್ನನ್ನು ಕೇಳಿ ಮಾಡಿದ್ದಲ್ಲ. ಇದು ನಾನು ಮಾಡಿದ್ದು.

ಆ ಮಧ್ಯಾಹ್ನ ನೀವು ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಹಚ್ಚಲೇನೇ? ನೀನು ಓದಿದವಳು, ಬೇಡ ಅಂದರೆ ಬೇಡ" ಅಂದಿರಿ. ನಾನು ಹೂಂ ಅಂದೆ. ಆಸ್ಪತ್ರೆಯಲ್ಲಿ ನಾನು ಮಲಗಿದ್ದೆ ಅಂದಾಗ ನೀವು ಒಂದು ಮಾತು ಆಡಿದ್ದರೆ ಸಾಕಿತ್ತು, ತಿಜಾನಿ ನಿಮ್ಮನ್ನೇ ನಂಬುತ್ತಿದ್ದ. ನೀವು ಅವನಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿಲ್ಲ.

ನಾನು ಮಲಗಿರಲಿಲ್ಲ ಅತ್ತಿಗೆ. ನೀವು ಹಚ್ಚುವಾಗ ಅವನು ಒದೆಯದ ಹಾಗೆ ಎರಡೂ ಕಾಲು ಹಿಡಿದುಕೊಂಡಿದ್ದವಳು ನಾನೇ.